ಮೂರು ಕಾಲಿನ ಸಾಕ್ಷಿ

"ಮೂಸಿ ನೋಡು," ಎಂದು ಬು ಸರಿಂತೆನ್ ತಾಮ್ರದ ತಂತಿಯ ತುದಿಯನ್ನು ನನ್ನ ಮೂಗಿಗೇ ಹಿಡಿದರು.

"ಕರಿದ ತೆಂಪೆ ವಾಸನೆ ಬರ್ತಿದೆ, ಬು."

"ಅದು ನಿನ್ನ ಕೈ ವಾಸನೆ. ತಿನ್ನೋದನ್ನ ಕೆಳಗಿಟ್ಟು ಮೂಸು."

ಕೆಳಗಿಡುವುದೇನು, ಇದ್ದ ಸೋಯಾಬಿಲ್ಲೆಯ ತುಂಡನ್ನು ಪೂರ್ತಿ ಬಾಯಿಗೆ ಹಾಕಿಕೊಂಡೇ ಮೂಸಿದೆ. ಪೈನ್ ಮರದ ರಾಳ. ಬೆಸುಗೆಯ ಐರನ್ ತಾಗಿ ಬಹಳ ದಿನವಾಗಿರಲಿಲ್ಲ.

"ರಾಳ," ಎಂದೆ. "ಹೊಸಾದು."

"ಹೂಂ. ಈಗ ಹೇಳು ಪಾರ್ಜೊ, ಯಾವ ಕಳ್ಳ ಕೂತ್ಕೊಂಡು ಒಂದೊಂದೇ ಬೆಸುಗೆ ಕಾಯಿಸಿ ಬಿಡಿಸ್ತಾನೆ? ಅವನ ಹತ್ರ ಕಟರ್ ಇರಲ್ವ? ಕಚಕ್ ಅನ್ನಿಸಿ ಓಡಲ್ವ?"

ನಮ್ಮಿಬ್ಬರ ನಡುವೆ ಮೇಜಿನ ಮೇಲಿದ್ದದ್ದು ತೆಂಗಿನಕಾಯಿ ಗಾತ್ರದ ಒಂದು ಟ್ರಾನ್ಸ್‌ಫಾರ್ಮರು. ಕಳೆದ ಮಂಗಳವಾರ ಸಭಾಭವನದಿಂದ ಮಾಯವಾಗಿದ್ದ ಕ್ಯಾಯಿ ಗುಂತುರ್‌ನ ಹೃದಯ ಅದು. ನಿನ್ನೆ ಸಂಜೆ ಅಕ್ಕಿ ಚೀಲವೊಂದರಲ್ಲಿ ಸುತ್ತಿಟ್ಟದ್ದು ಸಿಕ್ಕಿತ್ತು. ಸಿಕ್ಕಿದ್ದು ಪಾಕ್ ಗಿಯೊನೊ ಅವರ ಅಂಗಡಿಯ ಹಲಗೆಯ ಕೆಳಗೆ. (ನಮ್ಮಲ್ಲಿ ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುತ್ತೇವೆ.)

ಕದ್ದ ಮಾಲು ಇಟ್ಟುಕೊಂಡವರಿಗೆ ನಮ್ಮ ಗುಜರಿ ಸಂತೆಯಲ್ಲಿ ಜಾಗವಿಲ್ಲ. ಅದು ಸಂಘದ ನಿಯಮ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸಂಘ ಸೇರುವುದಿತ್ತು. ಅಷ್ಟರೊಳಗೆ ಬು ಸರಿಂತೆನ್ ಬೇರೆ ಯಾರನ್ನಾದರೂ ಬೊಟ್ಟು ಮಾಡಿ ತೋರಿಸದಿದ್ದರೆ ಗಿಯೊನೊ ಅವರ ಮೂವತ್ತೊಂದು ವರ್ಷದ ಅಂಗಡಿ ಸಂಜೆಯೊಳಗೆ ಖಾಲಿ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

ಕ್ಯಾಯಿ ಗುಂತುರ್ ಎಂದರೆ ಯಾವುದೋ ರಾಜನ ಹೆಸರು ಅಂದುಕೊಳ್ಳಬೇಡಿ. ಅದೊಂದು ಆಂಪ್ಲಿಫೈರು. ಹನ್ನೆರಡು ವರ್ಷದ ಹಿಂದೆ ಸೋಲೋ ಊರಿನ ನಾವು ಹನ್ನೊಂದು ಜನ ಗುಜರಿ ಹುಚ್ಚರು ಸೇರಿ ಕಟ್ಟಿದ್ದು. ಸತ್ತ ಟೀವಿಗಳ ಕರುಳು, ಮುಚ್ಚಿದ ಚಿತ್ರಮಂದಿರದ ದನಿ ಏರಿಳಿಸುವ ಗುಂಡಿಗಳು, ಬಟ್ಟೆ ಒಗೆಯುವ ಯಂತ್ರದ ತಗಡು. ಹೊಸದಾಗಿ ಕೊಂಡದ್ದು ಬೆಸುಗೆಗೆ ಕರಗಿಸುವ ಸಾಲ್ಡರ್ ಮಾತ್ರ. ಕಠಾರಿಗೆ, ಗಂಟೆಗೆ, ಹಳೇ ಗಾಡಿಗೆ ಗೌರವದ ಹೆಸರಿಡುವ ನಾವು ಇದಕ್ಕೇಕೆ ಇಡಬಾರದು ಎಂದು ನಮ್ಮಲ್ಲೊಬ್ಬರಾದ ಕುಂಚೊರೊ ಮೇಷ್ಟ್ರು ವಾದ ಮಾಡಿ ಹೆಸರಿಟ್ಟರು. ಗುಡುಗಜ್ಜ ಎಂದೇ ಅದರ ಅರ್ಥ, ನಾವು ಕರೆಯುವುದೂ ಹಾಗೆಯೇ. ಬಡಾವಣೆಯ ಮದುವೆ, ಮುಂಜಿ, ಸಾವಿನ ಸುದ್ದಿ, ಕಳೆದುಹೋದ ಮೇಕೆ ಎಲ್ಲವನ್ನೂ ಊರಿಗೆ ಸಾರುವವನು ಅವನೇ. ಗುರುವಾರ ಸಂಜೆ ಅವನ ಮುಂದೆ ಊದುಬತ್ತಿ ಹಚ್ಚಿ, ಆ ಹೊಗೆಗೇ ಅವನ ಗುಂಡಿಗಳು ಕರಕರ ಎನ್ನತೊಡಗಿದ್ದು ಬೇರೆ ಕತೆ.

"ಈ ಚೀಟಿ ನೋಡಿದ್ಯಾ?" ಎಂದರು ಬು ಸರಿಂತೆನ್.

ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿಗಳಲ್ಲಿ ಎರಡು ಕೆಂಪು. ಯಾವುದು ಯಾವುದು ಎಂದು ಮರೆಯದಿರಲಿ ಎಂದು ಒಂದಕ್ಕೆ ಕಾಗದದ ಚೂರೊಂದನ್ನು ದಾರದಿಂದ ಕಟ್ಟಿದ್ದರು. ಅದರ ಒಂದು ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ 31.4 ಎಂದಿತ್ತು. ಇನ್ನೊಂದು ಮಗ್ಗುಲು ಖಾಲಿ.

"ಗುಡುಗಜ್ಜಂದು ಮೂವತ್ತೆರಡು ವೋಲ್ಟಲ್ವ? ಡಬ್ಬಿ ಮೇಲೇ ಬಣ್ಣದಲ್ಲಿ ಬರೆಸಿದ್ವಲ್ಲ."

"ಅದು ನಮ್ಮ ಜಂಬದ ಲೆಕ್ಕ. ಇವನು ಬಿಚ್ಚೋ ಮೊದ್ಲು ಮೀಟರ್ ಇಟ್ಟು ಅಳೆದಿದಾನೆ. ಮತ್ತೆ ಜೋಡಿಸ್ಬೇಕು ಅಂತ ಮನಸ್ಸಿರೋನು ಮಾಡೋ ಕೆಲ್ಸ ಇದು. ಚೀಟಿ ವಿಷ್ಯ ನಿನ್ನ ಹೊಟ್ಟೇಲೇ ಇರ್ಲಿ. ನೀನು, ನಾನು, ಬರೆದೋನು. ಮೂರೇ ಜನಕ್ಕೆ ಗೊತ್ತು."

ಬು ಸರಿಂತೆನ್ ಚೀಟಿಯನ್ನು ಬಿಚ್ಚಿ ತಮ್ಮ ಕುಪ್ಪಸದ ಜೇಬಿಗೆ ಹಾಕಿಕೊಂಡರು. ಅವರನ್ನು ಕಂಡವರಿಗೆ ಪತ್ತೇದಾರಿ ನೆನಪಾಗುವುದಿಲ್ಲ. ಐವತ್ತೆಂಟರ ಕುಳ್ಳಗಿನ ಹೆಂಗಸು, ಹಾಲಿನಪುಡಿ ಡಬ್ಬಿಗಳಲ್ಲಿ ಹಳೇ ಬಿಡಿಭಾಗ ತುಂಬಿಕೊಂಡು ಕೂತಿರುತ್ತಾರೆ. ಆದರೆ ಹತ್ತೊಂಬತ್ತು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಒಂದು ಬೆಸುಗೆ ನೋಡಿದರೆ ಅದು ಯಾವ ಹುಡುಗಿಯದು, ಅವಳಿಗೆ ಆವತ್ತು ನೆಗಡಿಯಿತ್ತೋ ಜಗಳವಿತ್ತೋ ಎಂಬುದನ್ನೂ ಹೇಳುತ್ತಿದ್ದರಂತೆ. ಪಕ್ಕದಲ್ಲಿ ಹಳೇ ಸ್ಪೀಕರ್ ಮಾರುವ ನಾನು ಇದನ್ನು ಪೂರ್ತಿ ನಂಬಿಲ್ಲ, ನಂಬದೆ ಇರುವ ಧೈರ್ಯವೂ ಇಲ್ಲ.

ಚೀಲದಲ್ಲಿ ಸಿಕ್ಕಿದ್ದ ಇನ್ನೊಂದು ವಸ್ತುವನ್ನು ಅವರು ಬೆಳಕಿಗೆ ಹಿಡಿದರು. ಗುಡುಗಜ್ಜನ ಗಂಟಲು, ಅಂಗೈ ಅಗಲದ ಒಂದು ಬೋರ್ಡು.

"ಈ ಮೂರನೇದು ನೋಡು. ಕಾಲು ತಿರುಚಿದೆ."

ಟ್ರಾನ್ಸಿಸ್ಟರಿಗೆ ಮೂರು ಕಾಲು. ಕಡಲೆಬೇಳೆ ಗಾತ್ರದ ಕಪ್ಪು ತಲೆ. ಎಲ್ಲವೂ ನೋಡಲು ಒಂದೇ, ಆದರೆ ಜಪಾನಿನದಕ್ಕೂ ಯುರೋಪಿನದಕ್ಕೂ ಕಾಲುಗಳ ಸರದಿ ಬೇರೆ. ಯಾವುದು ಯಾವುದೆಂದು ಹೇಳುವುದು ತಲೆಯ ಮೇಲಿನ ಸಣ್ಣ ಅಕ್ಷರ ಮಾತ್ರ. ನಮ್ಮ ಸಂತೆಗೆ ಬರುವ ನೂರರಲ್ಲಿ ತೊಂಬತ್ತು ಹಳೇ ಜಪಾನ್ ಟೀವಿಗಳಿಂದ ಕಿತ್ತವು. ಯುರೋಪಿನದಕ್ಕೆಂದು ತೂತು ಕೊರೆದ ಬೋರ್ಡಿಗೆ ಜಪಾನಿನದನ್ನು ಹಾಕಬೇಕಾದಾಗ ನಾವು ಕಾಲು ತಿರುಚಿ, ಒಂದಕ್ಕೊಂದು ತಾಗದಂತೆ ತಂತಿಯ ಪ್ಲಾಸ್ಟಿಕ್ ಸಿಪ್ಪೆ ತೊಡಿಸಿ ಕೂರಿಸುತ್ತೇವೆ. ಹೊಸ ಮಾಲು ಕೊಳ್ಳುವವರಿಗೆ ಈ ಸರ್ಕಸ್ಸು ಗೊತ್ತೇ ಇಲ್ಲ.

"ತಿರುಚಿದ್ರೆ ಏನಾಯ್ತು? ನಾವೆಲ್ಲ ತಿರುಚ್ತೀವಿ."

"ತಲೆ ಮೇಲಿನ ಅಕ್ಷರ ಓದು."

ಕನ್ನಡಕ ಏರಿಸಿ ಓದಿದೆ. ಬಾಯಲ್ಲಿದ್ದ ತೆಂಪೆ ಗಂಟಲಿಗೆ ಸಿಕ್ಕಿಕೊಂಡಿತು. "ಇದು ಯುರೋಪಿಂದೇ! ನೆಟ್ಟಗೆ ಹಾಕಿದ್ರೆ ಕೂರ್ತಿತ್ತು. ತಿರುಚಿ ಕೆಡಿಸಿದಾನೆ."

"ಕೆಡಿಸಿ ಸ್ವಿಚ್ ಹಾಕಿದಾನೆ. ಗುಡುಗಜ್ಜ ಮೂಗನಾಗಿದಾನೆ. ಕಳುವಾಗೋಕೆ ಮುಂಚೇನೇ." ಬು ಸರಿಂತೆನ್ ಕಣ್ಣು ಮಿನುಗಿತು. "ಇದು ಕಳ್ಳತನ ಅಲ್ಲ ಪಾರ್ಜೊ, ನಾಚಿಕೆ. ರಿಪೇರಿ ಮಾಡೋಕೆ ಹೋಗಿ ಕೆಡಿಸ್ಕೊಂಡು, ಯಾರಿಗೂ ಗೊತ್ತಾಗ್ಬಾರ್ದು ಅಂತ ಹೊತ್ಕೊಂಡು ಹೋಗಿದಾನೆ. ಓದದೇ ಕಾಲು ತಿರುಚೋ ಆ ಕೈ ಯಾರ್ದು ಅಂತ ಗೊತ್ತಾದ್ರೆ ಸಾಕು. ಇನ್ನೊಂದು ನೋಡು, ಸಿಪ್ಪೇಲಿ ಏನಿದೆ?"

ಕಾಲಿಗೆ ತೊಡಿಸಿದ್ದ ಕೆಂಪು ಸಿಪ್ಪೆಯ ಅಂಚಿನಲ್ಲಿ ಎರಡು ಸಣ್ಣ ಗುಳಿ. ಹಲ್ಲಿನ ಗುರುತು.

ಸಭಾಭವನದ ಬೀಗದ ಕೈ ಇದ್ದದ್ದು ಮೂವರ ಹತ್ತಿರ. ಸಂಘದ ಮುಖ್ಯಸ್ಥ ಪಾಕ್ ದಾರ್ಮೊ, ಗುಡುಗಜ್ಜನ ನಕ್ಷೆ ಬರೆದ ನಿವೃತ್ತ ವಿಜ್ಞಾನ ಮೇಷ್ಟ್ರು ಕುಂಚೊರೊ, ಮತ್ತು ಹೊಸ ಸ್ಪೀಕರ್ ಮಾರುವ ಹೆಂಡ್ರೊ. ಹೆಂಡ್ರೊ ತನ್ನ ಪೆಟ್ಟಿಗೆಗಳನ್ನು ಭವನದ ಹಿಂದಿನ ಕೋಣೆಯಲ್ಲಿ ಇಡುತ್ತಿದ್ದ. ಮೂವರೂ ತಾವು ಗುಡುಗಜ್ಜನನ್ನು ಮುಟ್ಟಿಯೇ ಇಲ್ಲ ಎಂದು ಆಣೆ ಮಾಡಿದ್ದರು. ಗಿಯೊನೊ ಅವರೂ ಹಾಗೇ ಹೇಳಿದ್ದರು, ಆದರೆ ಅವರನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರನ್ನು ಉಳಿಸಲೆಂದೇ ಇಷ್ಟೆಲ್ಲ ಓಡಾಟ.

"ಮೂವರನ್ನೂ ಒಂದೇ ಕಡೆ ಕೂರಿಸಿ ಕೈಗೆ ಐರನ್ ಕೊಡ್ಬೇಕು," ಎಂದೆ. "ಯಾಕೆ ಬರ್ತಾರೆ?"

ಬು ಸರಿಂತೆನ್ ಮೇಜಿನ ಕೆಳಗಿನಿಂದ ಪುಟ್ಟ ರಟ್ಟಿನ ಪೆಟ್ಟಿಗೆ ತೆಗೆದರು. ಒಳಗೆ ಹತ್ತಿಯಲ್ಲಿ ಮಲಗಿದ್ದ, ಹಳೇ ರೇಡಿಯೋಗಳಲ್ಲಿ ದೀಪದಂತೆ ಉರಿಯುವ ಗಾಜಿನ ವಾಲ್ವು, ಅರವತ್ತು ವರ್ಷ ಹಳೆಯದು, ಒಮ್ಮೆಯೂ ಉರಿಯದ್ದು. ನನಗೇ ಜೊಲ್ಲು ಬಂತು.

"ನೀನಲ್ಲ," ಎಂದರು ಅವರು. "ಮುಚ್ಚು ಬಾಯಿ."

ವಾಲ್ವು ಬಹುಮಾನ ಎಂಬ ಸುದ್ದಿ ಸಂತೆಯ ಈ ತುದಿಯಿಂದ ಆ ತುದಿಗೆ ಹೋಗಲು ನಾನೊಮ್ಮೆ ಕೂಗಿದ್ದೇ ಸಾಕಾಯಿತು. ಹತ್ತೂವರೆಗೆ ಮೂವರೂ ಬೆಂಚಿನ ಮೇಲಿದ್ದರು. ಸುತ್ತ ಇಪ್ಪತ್ತು ಜನ. ದಾವೆತ್ ಎಂಬ ತಂಪು ಪಾನೀಯ ಮಾರುವ ಹೆಂಗಸು ತೆಂಗಿನಹಾಲಿನ ಕೊಡವನ್ನೂ ಐಸನ್ನೂ ಇಲ್ಲಿಗೇ ಹೊತ್ತು ತಂದು ವ್ಯಾಪಾರ ಶುರು ಮಾಡಿದಳು.

ನಾಲ್ಕನೆಯವರಾಗಿ ಪಾಕ್ ಗಿಯೊನೊ ಬಂದರು. ಅರವತ್ತನಾಲ್ಕರ ಮನುಷ್ಯ, ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಈಚೆಗೆ ಗುಜರಿಯಲ್ಲಿ ಸಿಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟನ ಹಾಗೆ ತಿರುಗುತ್ತಿದ್ದರು.

"ನನ್ನನ್ನ ಓಡಿಸೋ ದಿನಾನೂ ಇಲ್ಲಿ ಜಾತ್ರೆ ಮಾಡ್ತಿದೀರಲ್ಲ, ಭೇಷ್! ಯಾರು ಪಕ್ಕದಲ್ಲಿ, ಹೆಂಡ್ರೊನಾ?"

"ನಾನು ಪಾರ್ಜೊ, ಪಾಕ್."

"ಓ, ನೀನು. ಬಡಕಲಾಗಿದೀಯಲ್ಲೋ."

ಜನ ಗೊಳ್ಳೆಂದರು. ನನ್ನ ತೂಕ ತೊಂಬತ್ತು ಕಿಲೋ.

ಪಂದ್ಯ ಸರಳ. ಒಂದೇ ಥರದ ನಾಲ್ಕು ಪುಟ್ಟ ರೇಡಿಯೋ, ಪ್ರತಿಯೊಂದರಲ್ಲೂ ಒಂದು ಟ್ರಾನ್ಸಿಸ್ಟರ್ ಕಿತ್ತಿದೆ. ಮುಂದಿನ ತಟ್ಟೆಯಲ್ಲಿರುವುದನ್ನು ಹಾಕಿ, ಮೊದಲು ಹಾಡಿಸಿದವರಿಗೆ ವಾಲ್ವು. ನಾಲ್ಕನೆಯ ರೇಡಿಯೋ ಲೆಕ್ಕಕ್ಕೆ ಹೆಚ್ಚಾಗಿತ್ತು. ಬೋರ್ಡು ಯುರೋಪಿನದು, ತಟ್ಟೆಯಲ್ಲಿದ್ದದ್ದೂ ಯುರೋಪಿನದೇ, ಅದನ್ನು ಮಾತ್ರ ಬು ಸರಿಂತೆನ್ ಹೇಳಲಿಲ್ಲ.

ಹೆಂಡ್ರೊ ಮೊಬೈಲ್ ತೆಗೆದು ಕ್ಯಾಮೆರಾದಲ್ಲಿ ಅಕ್ಷರ ದೊಡ್ಡದು ಮಾಡಿ ಓದಿದ. ನೆಟ್ಟಗೆ ಕೂರಿಸಿದ.

"ಪೆಟ್ಟಿಗೆ ಮಾರೋನಿಗೂ ಬೆಸುಗೆ ಬರುತ್ತೆ ಅನ್ನಿ," ಎಂದರು ಪಾಕ್ ದಾರ್ಮೊ, ತಮ್ಮ ಕನ್ನಡಕ ಹುಡುಕುತ್ತ. ಕನ್ನಡಕ ಹಣೆಯ ಮೇಲೇ ಇತ್ತು. ಅದನ್ನು ಇಳಿಸಿ, ಓದಿ, ಅವರೂ ನೆಟ್ಟಗೆ ಕೂರಿಸಿದರು.

ಕುಂಚೊರೊ ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದು ಓದಿದರು. ಆಮೇಲೆ ಮೀಟರ್ ತೆಗೆದು ಟ್ರಾನ್ಸಿಸ್ಟರ್ ಬದುಕಿದೆಯೇ ಎಂದು ನೋಡಿದರು. ಆಮೇಲೆ ದಾರ್ಮೊ ಅವರ ಬೆಸುಗೆಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟರು. ಕೊನೆಗೆ ಅವರೂ ನೆಟ್ಟಗೇ ಕೂರಿಸಿದರು.

ಮೂರೂ ರೇಡಿಯೋ ಒಟ್ಟೊಟ್ಟಿಗೆ ಮೂರು ಬೇರೆ ಹಾಡು ಹಾಡತೊಡಗಿದವು. ಮೊದಲು ಹಾಡಿದ್ದು ಹೆಂಡ್ರೊನದು. ವಾಲ್ವು ಅವನ ಪಾಲಾದದ್ದು ಕಂಡು ನನಗಂತೂ ಹೊಟ್ಟೆ ಉರಿಯಿತು. ಬು ಸರಿಂತೆನ್ ಮುಖ ಬಾಡಿತು. ಮೂವರಲ್ಲಿ ಒಬ್ಬರೂ ಕಾಲು ತಿರುಚಿರಲಿಲ್ಲ, ಸಿಪ್ಪೆ ಕಚ್ಚಿರಲಿಲ್ಲ. ಹನ್ನೆರಡಕ್ಕೆ ಇನ್ನು ಒಂದು ಗಂಟೆ.

"ನಾಲ್ಕನೇದು ಯಾರಿಗೆ? ಕೊಡಿ ಇಲ್ಲಿ," ಎಂದರು ಗಿಯೊನೊ. "ಕೊನೇ ದಿನ ಒಂದು ರೇಡಿಯೋ ಹಾಡಿಸಿ ಹೋಗ್ತೀನಿ."

ಜನ ಚಪ್ಪಾಳೆ ತಟ್ಟಿದರು. ಗಿಯೊನೊ ಕೆಲಸ ನೋಡುವುದೇ ಒಂದು ಸೊಗಸು. ಅವರ ಅಂಗಡಿಯಲ್ಲಿ ನಲವತ್ತು ಡಬ್ಬಿ, ಯಾವುದರ ಮೇಲೂ ಹೆಸರಿಲ್ಲ, ಗಿರಾಕಿ ಕೇಳಿದ್ದನ್ನು ಅತ್ತ ನೋಡದೆಯೇ ತೆಗೆದು ಕೊಡುತ್ತಾರೆ. ಕಣ್ಣು ಮುಚ್ಚಿಕೊಂಡು ಮಾಡುತ್ತಾರೆ ನೋಡಿ ಎಂದು ನಾವು ಹೊರ ಊರಿನವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆವು.

ಅವರು ಟ್ರಾನ್ಸಿಸ್ಟರನ್ನು ಬೆರಳುಗಳ ನಡುವೆ ಉರುಳಿಸಿದರು. ಓದಲಿಲ್ಲ. ಬೋರ್ಡಿನ ತೂತುಗಳನ್ನು ಉಗುರಿನಿಂದ ಸವರಿದರು.

"ಬೋರ್ಡು ಯುರೋಪಿಂದು," ಎಂದರು. "ಇದು ನಮ್ಮ ಜಪಾನಜ್ಜಿ. ಕಾಲು ಸ್ವಲ್ಪ ಸೊಟ್ಟ ಮಾಡ್ಬೇಕು ಇವಳಿಗೆ."

ತಂತಿಯ ತುಂಡೊಂದನ್ನು ಬಾಯಿಗೆ ಹಾಕಿ ಹಲ್ಲಿನಿಂದ ಸಿಪ್ಪೆ ಎಳೆದರು. ಕಾಲು ತಿರುಚಿದರು. ಸಿಪ್ಪೆ ತೊಡಿಸಿದರು. ಎರಡು ನಿಮಿಷದಲ್ಲಿ ಬೆಸುಗೆ ಮುಗಿಸಿ ಸ್ವಿಚ್ ಒತ್ತಿದರು.

ರೇಡಿಯೋ ಹಾಡಲಿಲ್ಲ.

"ಬ್ಯಾಟರಿ ಸತ್ತಿರ್ಬೇಕು," ಎಂದು ಕುಂಚೊರೊ ಮೇಷ್ಟ್ರು ಥಟ್ಟನೆ ರೇಡಿಯೋ ಎತ್ತಿಕೊಂಡು ಮುಚ್ಚಳ ಹಾಕಿಬಿಟ್ಟರು. "ಸರಿಂತೆನ್, ಹಳೇ ಬ್ಯಾಟರಿ ಕೊಟ್ಟು ಪಂದ್ಯ ಇಡ್ತಾರೇನಮ್ಮ? ನಡೀರಿ ಎಲ್ಲ, ದಾವೆತ್ ನನ್ನ ಲೆಕ್ಕ!"

ಬಿಟ್ಟಿ ದಾವೆತ್ ಎಂದಮೇಲೆ ರೇಡಿಯೋ ಯಾರಿಗೆ ಬೇಕು. ಜನ ಕೊಡದ ಸುತ್ತ ಮುತ್ತಿದರು. ನಾನು ಮಾತ್ರ ಅಲ್ಲೇ ನಿಂತಿದ್ದೆ. ಬು ಸರಿಂತೆನ್ ಗಿಯೊನೊ ಅವರ ತೋಳು ಹಿಡಿದು ನನ್ನ ಸ್ಪೀಕರ್ ರಾಶಿಯ ಹಿಂದೆ ಕರೆದೊಯ್ದರು. ನಾನೂ ಹೋದೆ.

ಅವರು ಎರಡು ಟ್ರಾನ್ಸಿಸ್ಟರನ್ನು ಗಿಯೊನೊ ಅಂಗೈಗೆ ಹಾಕಿದರು.

"ಇದ್ರಲ್ಲಿ ಜಪಾನಜ್ಜಿ ಯಾವುದು, ಪಾಕ್?"

"ಇದೇನ್ ಬು, ಪರೀಕ್ಷೆನಾ? ಮೇಷ್ಟ್ರು ಮಾಡ್ಬೇಕಾದ ಕೆಲ್ಸ ಅದು." ನಕ್ಕರು. ಬೆರಳು ಎರಡನ್ನೂ ಉರುಳಿಸಿತು, ಮತ್ತೆ ಉರುಳಿಸಿತು. ನಗು ಮೆಲ್ಲಗೆ ಇಳಿಯಿತು.

"ಎಷ್ಟು ದಿನ ಆಯ್ತು?" ಎಂದರು ಬು ಸರಿಂತೆನ್.

ಗಿಯೊನೊ ಕಪ್ಪು ಕನ್ನಡಕ ತೆಗೆದರು. ಕಣ್ಣು ನೋಡಲು ಚೆನ್ನಾಗಿಯೇ ಇತ್ತು. ಆದರೆ ನನ್ನ ಕಡೆ ತಿರುಗಿದ್ದು ನನ್ನ ಮುಖಕ್ಕಿಂತ ಒಂದು ಗೇಣು ಪಕ್ಕಕ್ಕೆ ನೋಡುತ್ತಿತ್ತು.

"ಎರಡು ವರ್ಷ. ಪೊರೆ ಅಂದ್ಕೊಂಡಿದ್ದೆ. ಅಲ್ವಂತೆ, ಹಿಂದಿನ ನರಾನೇ ಒಣಗಿದೆಯಂತೆ. ಇದಕ್ಕೆ ಬಿಡಿಭಾಗ ಸಿಗಲ್ಲ ಅಂದ್ರು ಡಾಕ್ಟ್ರು. ನಾನು ಹೇಳ್ದೆ, ನಮ್ಮ ಸಂತೇಲಿ ಹುಡುಕಿ ನೋಡಿ ಸ್ವಾಮಿ, ಎಲ್ಲಾ ಸಿಗುತ್ತೆ ಅಂತ."

ಇಷ್ಟು ದಿನ ಪಕ್ಕದಲ್ಲೇ ಕೂತು ತೆಂಪೆ ತಿಂದ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಗುಡುಗಜ್ಜನ್ನ ಮುಟ್ಟಿದ್ದು ನೀವೇ," ಎಂದರು ಬು ಸರಿಂತೆನ್.

"ಭಾನುವಾರ ಭವನದಲ್ಲಿ ಗಾಮೆಲಾನ್ ವಾದ್ಯಮೇಳದ ಅಭ್ಯಾಸ ಇತ್ತಲ್ಲ. ನಾನು ದೊಡ್ಡ ಗಂಟೆ ಹೊಡೆಯೋನು, ಅದಕ್ಕೆ ಕಣ್ಣು ಬೇಡ. ಅಜ್ಜ ಗೊರಗೊರ ಅಂದು ಗಂಟಲು ಕಟ್ಕೊಂಡ. ಎಲ್ಲ ಚಹಾಕ್ಕೆ ಹೋದಾಗ ಮುಚ್ಚಳ ತೆಗೆದು ಒಂದು ಟ್ರಾನ್ಸಿಸ್ಟರ್ ಬದಲಾಯಿಸ್ದೆ. ಕಿಸೇಲಿ ಇದ್ದದ್ದು ಜಪಾನಿಂದೇ ಅಂತ ನಂಬಿಕೆ. ಸ್ವಿಚ್ ಹಾಕಿದ್ರೆ ಉಸಿರೇ ಇಲ್ಲ. ಮುಚ್ಚಿಟ್ಟು ಮನೆಗೆ ಹೋದೆ. ಕೆಡಿಸ್ದೆ ಬು, ಹೌದು. ಕದೀಲಿಲ್ಲ."

"ನನಗೊತ್ತು. ತಂತಿಗಳನ್ನ ಬಿಚ್ಚಿರೋ ಕೈ ಬೇರೆ. ಈ ಕೆಲ್ಸದಲ್ಲಿ ಎರಡು ಕೈ ಇದೆ, ನಾನು ಒಂದೇ ಅಂದ್ಕೊಂಡು ಎಡವಿದೆ." ಬು ಸರಿಂತೆನ್ ತಮ್ಮ ಮೇಲೇ ಸಿಟ್ಟಾಗಿದ್ದರು. "ಬಿಚ್ಚಿರೋನು ಸಣ್ಣಸಣ್ಣದನ್ನೂ ನೋಡಬಲ್ಲ. ನೀವು ನೋಡ್ಲಾರಿರಿ. ಸಭೇಲಿ ಅಷ್ಟು ಹೇಳಿದ್ರೆ ನಿಮ್ಮ ಅಂಗಡಿ ಉಳೀತು."

"ಉಳಿದು?" ಗಿಯೊನೊ ಕನ್ನಡಕ ಮತ್ತೆ ಹಾಕಿಕೊಂಡರು. "ಕಣ್ಣಿಲ್ದೋನ ಹತ್ರ ಟ್ರಾನ್ಸಿಸ್ಟರ್ ಯಾರು ಕೊಳ್ತಾರೆ? ನಾಳೆಯಿಂದ ಪ್ರತಿಯೊಬ್ಬ ಗಿರಾಕೀನೂ, ಪಾಪ, ಸರಿಯಾಗಿದ್ಯಾ ಅಂತ ನನ್ನ ಮುಂದೇನೇ ಮೀಟರ್ ಇಟ್ಟು ನೋಡ್ತಾನೆ. ಆಮೇಲೆ ಬರೋದೇ ನಿಲ್ಲಿಸ್ತಾನೆ. ಕಳ್ಳ ಅಂದ್ರೆ ಈ ಸಂತೆ ಬಿಟ್ಟು ಇನ್ನೊಂದು ಊರಿನ ಸಂತೇಲಿ ಹಲಗೆ ಹಾಕ್ಕೋಬಹುದು. ಕುರುಡ ಅಂದ್ರೆ ಎಲ್ಲೂ ಹಾಕೋಕಾಗಲ್ಲ, ಬು. ಮಗಳ ಮನೇಲಿ ಕೋಳಿ ಓಡಿಸ್ಕೊಂಡು ಕೂರಬೇಕು. ಕೋಳಿ ಎಲ್ಲಿದೆ ಅಂತಾನೂ ಅವಳೇ ಹೇಳ್ಬೇಕು."

"ಪಾಕ್…"

"ಮಾತು ಕೊಡಿ. ನನ್ನ ಕಣ್ಣಿನ ಸುದ್ದಿ ನಿಮ್ಮ ಬಾಯಿಂದ ಬರಬಾರ್ದು."

ಆಚೆ ಜನ ಐಸಿಗಾಗಿ ಜಗಳವಾಡುತ್ತಿದ್ದರು.

"ನನ್ನ ಬಾಯಿಂದ ಬರಲ್ಲ," ಎಂದರು ಬು ಸರಿಂತೆನ್.

ಹನ್ನೆರಡಕ್ಕೆ ಸಭಾಭವನ ತುಂಬಿತು. ಗುಡುಗಜ್ಜ ಇರುತ್ತಿದ್ದ ಮೂಲೆಯಲ್ಲಿ ಚೌಕಾಕಾರದ ಧೂಳಿನ ಗುರುತೊಂದಿತ್ತು. ಅವನಿಲ್ಲದೆ ದಾರ್ಮೊ ಗಂಟಲು ಹರಿದುಕೊಂಡು ಕೂಗಬೇಕಾಯಿತು, ಆದರೂ ಹಿಂದಿನ ಸಾಲಿಗೆ ಏನೂ ಕೇಳಿಸುತ್ತಿರಲಿಲ್ಲ. ಗಿಯೊನೊ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಬೆನ್ನಿಗೆ, ಎರಡನೇ ಬೆಂಚಿನಲ್ಲಿ, ಭುಜದ ಮೇಲೆ ಕೈಯಿಟ್ಟುಕೊಂಡು ಕುಂಚೊರೊ ಮೇಷ್ಟ್ರು. ಅವರ ಪಕ್ಕದಲ್ಲಿ ನಾನು.

"ಸರಿಂತೆನ್, ನಿನ್ನೆ ತನಿಖೆ ಮಾಡ್ತೀನಿ ಅಂತ ಗಡುವು ತಗೊಂಡ್ರಿ," ಎಂದರು ದಾರ್ಮೊ. "ಏನು ಸಿಕ್ತು, ಹೇಳಿ."

ಬು ಸರಿಂತೆನ್ ಎದ್ದರು. ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚು ಕಿರುಗುಟ್ಟಿತು.

"ಅವರನ್ನ ಯಾಕೆ ಕೇಳ್ತೀರಿ," ಎಂದು ಗಿಯೊನೊ ಎದ್ದು ನಿಂತರು. ಅದೇ ನಗು. "ಗುಡುಗಜ್ಜನ್ನ ಕದ್ದಿದ್ದು ನಾನೇ. ಬಿಚ್ಚಿದ್ದೂ ನಾನೇ. ಬರ್ಕೊಳ್ಳಿ. ಸಂಜೆಯೊಳಗೆ ಹಲಗೆ ಎತ್ಕೊಂಡು ಹೋಗ್ತೀನಿ, ಕೊನೇದಾಗಿ ಒಂದು ಊಟ ಹಾಕಿಸಿ, ಸಾಕು."

ಭವನದಲ್ಲಿ ಯಾರೂ ನಗಲಿಲ್ಲ. ದಾವೆತ್ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಂಚೊರೊ ಮೇಷ್ಟ್ರ ಕೈ ಗಿಯೊನೊ ಭುಜದಿಂದ ಜಾರಿತು.

"ನೀವೇ ಬಿಚ್ಚಿದ್ರಾ?" ಎಂದರು ಬು ಸರಿಂತೆನ್. ಜೇಬಿನಿಂದ ಆ ಚೀಟಿ ತೆಗೆದು, ಮುಂದೆ ಬಂದು, ಗಿಯೊನೊ ಕೈಗಿಟ್ಟರು. "ಇದು ಟ್ರಾನ್ಸ್‌ಫಾರ್ಮರಿನ ತಂತಿಗೆ ಕಟ್ಟಿತ್ತು. ನೀವು ಬರೆದಿದ್ದೇ ಆದ್ರೆ ಏನು ಬರೆದಿದೀರಿ, ಎಲ್ಲರಿಗೂ ಓದಿ ಹೇಳಿ ಪಾಕ್."

ಮಾತು ಕೊಟ್ಟು ಒಂದು ಗಂಟೆಯಾಗಿಲ್ಲ. ತಮ್ಮ ಬಾಯಿಂದ ಬರಲ್ಲ ಎಂದವರು, ಆ ಮನುಷ್ಯನ ಕೈಯಿಂದಲೇ ಊರೆದುರು ಹೊರಗೆ ಹಾಕಿಸುತ್ತಿದ್ದಾರೆ. ಎದ್ದು ಕೂಗಿಬಿಡೋಣ ಎನ್ನಿಸಿತು.

ಗಿಯೊನೊ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. ಅವರ ಕಡೆಗಿದ್ದದ್ದು ಖಾಲಿ ಮಗ್ಗುಲು. ಬರಹವಿದ್ದ ಮಗ್ಗುಲು ಅವರ ಬೆರಳುಗಳಡಿ ಮುಚ್ಚಿಹೋಗಿತ್ತು.

"ಓದಿ," ಎಂದರು ದಾರ್ಮೊ.

ಗಿಯೊನೊ ಹಣೆಯಿಂದ ಒಂದು ಬೆವರ ಹನಿ ಕಪ್ಪು ಕನ್ನಡಕದ ಮೇಲಿಳಿಯಿತು. ಆಗ ನಾನು ಬು ಸರಿಂತೆನ್ ಮುಖ ನೋಡಿದೆ. ಅವರು ಗಿಯೊನೊ ಕಡೆ ನೋಡುತ್ತಲೇ ಇರಲಿಲ್ಲ. ಅವರ ದೃಷ್ಟಿ ಬೆಂಚಿನ ಸಾಲುಗಳ ಮೇಲೆ, ಒಂದೊಂದೇ ಮುಖದ ಮೇಲೆ ಹೋಗುತ್ತಿತ್ತು.

ನನ್ನ ಪಕ್ಕದಿಂದ, ಪರೀಕ್ಷೆಯಲ್ಲಿ ತಡವರಿಸುವ ಹುಡುಗನಿಗೆ ಹೇಳಿಕೊಡುವಷ್ಟು ಮೆಲ್ಲಗೆ, ಒಂದು ದನಿ ಬಂತು.

"ಮೂವತ್ತೊಂದು ಪಾಯಿಂಟ್ ನಾಲ್ಕು."

"ಮೂವತ್ತೊಂದು ಪಾಯಿಂಟ್ ನಾಲ್ಕು!" ಎಂದು ಗಿಯೊನೊ ಗಟ್ಟಿಯಾಗಿ ಓದಿದರು.

ದಾರ್ಮೊ ಚೀಟಿ ಇಸಿದುಕೊಂಡು, ಕನ್ನಡಕ ಹಣೆಯಿಂದ ಇಳಿಸಿ ನೋಡಿ ತಲೆಯಾಡಿಸಿದರು. ಭವನವಿಡೀ ನಿಟ್ಟುಸಿರು ಬಿಟ್ಟಿತು. ಅವರೇ ಕದ್ದದ್ದು ಎಂದು ಈಗ ಎಲ್ಲರಿಗೂ ಖಾತ್ರಿಯಾಗಿತ್ತು, ಅವರ ಕಣ್ಣಿನ ವಿಷಯ ಒಬ್ಬರಿಗೂ ತಿಳಿದಿರಲಿಲ್ಲ. ದಾರ್ಮೊ ನಿಯಮದ ಪುಸ್ತಕ ತೆರೆದು ಪೆನ್ನಿನ ಟೋಪಿ ತೆಗೆದರು.

ನಾನು ಕುಂಚೊರೊ ಮೇಷ್ಟ್ರ ಕಡೆ ತಿರುಗಿದೆ. ನಮ್ಮಿಬ್ಬರನ್ನು ಬಿಟ್ಟರೆ ಆ ಅಂಕಿ ಗೊತ್ತಿದ್ದದ್ದು ಚೀಟಿ ಬರೆದವನಿಗೆ ಮಾತ್ರ. ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆ ಕೈಯ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ರಾಳದ ಹಳದಿ ಇನ್ನೂ ಹೋಗಿರಲಿಲ್ಲ. ಬೆಳಿಗ್ಗೆ ಬ್ಯಾಟರಿ ಸತ್ತಿದೆ ಎಂದು ಗಿಯೊನೊ ಮಾನ ಉಳಿಸಿದ್ದ ಇವರೇ, ಅವರು ಕೆಡಿಸಿದ್ದನ್ನು ಗುಟ್ಟಾಗಿ ಸರಿಮಾಡಲು ಗುಡುಗಜ್ಜನನ್ನು ಬಿಚ್ಚಿ, ಕಾಣಲಾರದವರ ಹಲಗೆಯಡಿ ಬಚ್ಚಿಟ್ಟಿರಬೇಕು.

ಬು ಸರಿಂತೆನ್ ನನ್ನ ಕಡೆ ಬಾಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದರು: "ಪಾರ್ಜೊ, ಹೋಗಿ ಬಾಗಿಲು ಹಾಕು. ಬರೆದೋನು ಬಾಯಿ ಬಿಡೋ ತನಕ ಯಾರೂ ಹೊರಗೆ ಹೋಗೋದು ಬೇಡ."